ಮುಕ್ಕಾಲು

ಎಸ್ಪೆರಾನ್ಸಾ ಬಾಯಿ ಮಗಳ ಮನೆಗೆ ಹೊರಟ ದಿನ
ಮಂಗೋರ್ ಹಿಲ್ಲಿನ ಕಡಿದಾದ ಮೆಟ್ಟಿಲಲ್ಲಿ ನಿಂತು
ನನ್ನ ಕೈಗಿಟ್ಟದ್ದು ಒಂದು ದುಂಡು ಓವನ್ನು,
ಅಲ್ಯೂಮಿನಿಯಂ ಬುರುಡೆ, ನೆತ್ತಿಗೊಂದು ಗಾಜಿನ ಕಣ್ಣು,
ಒಂದರೊಳಗೊಂದು ಕೂತ ತಗಡಿನ ಬಟ್ಟಲು:
ಇಡಿಯದು, ಅರೆಯದು, ಮೂರರಲ್ಲೊಂದು, ಕಾಲು.

ಅದೇ ವಾರ ದಾನಿಯ ಗಣಿತದ ಪೇಪರು ಬಂದಿತ್ತು.
ಇಪ್ಪತ್ತಕ್ಕೆ ಆರು.
ಟೀಚರು ಕೆಂಪಿನಲ್ಲಿ ಇಂಗ್ಲಿಷು ಬರೆದಿದ್ದರು,
ನಾನು ಅಕ್ಷರ ಕೂಡಿಸುವಷ್ಟರಲ್ಲಿ ಮಡಚಿಬಿಟ್ಟಳು.

ನಾನಾದರೂ ಏನು?
ಹಾವೇರಿಯ ಶಾಲೆಯಲ್ಲಿ ಭಿನ್ನರಾಶಿ ಕಲಿಸಿದ ವಾರ
ನನಗೆ ದಡಾರ.
ಎದ್ದು ಹೋಗುವಷ್ಟರಲ್ಲಿ ಅದು ದಾಟಿಹೋಗಿತ್ತು,
ಯಾರೂ ಅದನ್ನು ನನಗಾಗಿ ಹಿಂದಕ್ಕೆ ಕರೆಯಲಿಲ್ಲ.

ಶನಿವಾರ ಮಧ್ಯಾಹ್ನ, ನೆಲಕ್ಕೆ ಹಳೆ ಪೇಪರು ಹಾಸಿ ಕೂತೆವು.
ಬಾಯಿ ಹೇಳಿಕೊಟ್ಟದ್ದು ಬಾತ್.
ಬಾತ್ ಅಂದರೆ ಉಪ್ಪಿಟ್ಟಲ್ಲ ಇಲ್ಲಿ, ಕೇಕು;
ಪಾವು ಅಂದರೆ ಅಳತೆಯಲ್ಲ, ಬ್ರೆಡ್ಡು;
ಈ ಊರಿಗೆ ಬಂದ ಹನ್ನೊಂದು ವರ್ಷದಲ್ಲಿ
ನನ್ನ ಮಾತುಗಳೇ ಬೇರೆ ಬೇರೆ ತಿಂಡಿಗಳಾಗಿವೆ.
ರವೆ, ತೆಂಗಿನತುರಿ, ಸಕ್ಕರೆ, ಏಲಕ್ಕಿ:
ಊರಲ್ಲಾದರೆ ಉಂಡೆಯಾಗುವ ಸಾಮಾನು.
ಮೊಟ್ಟೆಯ ಮಾತು ಬಂದಾಗ ಗೋಡೆಯ ಅತ್ತೆಯ ಫೋಟೊ ನೋಡಿ
ಮೊಸರು ಹಾಕಿದೆವು.

ಮೊಸರಿಗೆ ಚಿಟಿಕೆ ಸೋಡಾ ಬಿದ್ದೊಡನೆ ಬುಸ್ ಎಂದಿತು.
'ಆಸಿಡ್, ಬೇಸ್' ಎಂದಳು ದಾನಿ, ತಲೆಯೆತ್ತದೆ.
'ಆಮ್ಲ, ಪ್ರತ್ಯಾಮ್ಲ' ಎಂದೆ ನಾನು,
ಎಲ್ಲಿತ್ತೋ, ಇಪ್ಪತ್ತು ವರ್ಷ ಮುಚ್ಚಿಟ್ಟ ಡಬ್ಬಿಯಿಂದ ಬಂತು.
ಅವಳು ನನ್ನನ್ನು ಮೊದಲ ಸಲ ನೋಡುವಂತೆ ನೋಡಿದಳು.

'ಮೂರರಾಗ ಒಂದು ದೊಡ್ಡದೊ, ನಾಕರಾಗ ಒಂದೊ?'
'ನಾಕು.'
'ಸುರುವಿ ನೋಡು.'
ದೊಡ್ಡ ಅಂಕಿಯ ಬಟ್ಟಲಿಗೆ ಸಣ್ಣ ಅಂಕಿಯ ರವೆ ಹಿಡಿಸಲಿಲ್ಲ,
ಸುತ್ತಲೂ ಚೆಲ್ಲಿತು.
ಬೆರಳಿಂದ ಅದನ್ನು ಗುಡ್ಡೆ ಮಾಡುತ್ತ
ಬಹಳ ಹೊತ್ತು ಸುಮ್ಮನಿದ್ದಳು.
ಶೇಷವನ್ನು ಇರುವೆಗಳು ಹೊತ್ತುಕೊಂಡು ಹೋದವು.

ಸಕ್ಕರೆ ಮುಕ್ಕಾಲು ಬಟ್ಟಲು.
ಅಂಥ ಬಟ್ಟಲು ಬಾಯಿ ಕೊಟ್ಟಿರಲಿಲ್ಲ.
ಮುಕ್ಕಾಲು ಅಂದ್ರ? ಎಂದು ಕೇಳಿದಳು.
ತ್ರೀ ಬೈ ಫೋರ್ ಬಲ್ಲ ಹುಡುಗಿಗೆ ಈ ಮಾತು ಗೊತ್ತಿಲ್ಲ.

ಬಾಗಿಲ ಹೊರಗೆ ವಾಸನೆ ಹಿಡಿದು ಬಂದು ಕೂತಿತ್ತು
ಬಂದರಿನ ಲಾರಿಗೆ ಹಿಂದಿನ ಕಾಲು ಕೊಟ್ಟು ಬಂದ ನಾಯಿ.
'ಎಷ್ಟು ಕಾಲು ಅದಕ್ಕ?'
'ಮೂರು.'
'ಇರಬೇಕಾದದ್ದು?'
'ನಾಕು.'
'ಒಂದು ಕಾಲು, ಇನ್ನೊಂದು ಕಾಲು, ಮತ್ತೊಂದು ಕಾಲು...'
'ಮುಕ್ಕಾಲು!' ಎಂದು ಕಿರುಚಿದಳು, ನಾಯಿ ಬೆಚ್ಚಿ ಎದ್ದಿತು.
ಕಾಲು ಬಟ್ಟಲನ್ನು ಮೂರು ಸಲ ತುಂಬಿ ಸುರಿದಳು.
ಆಮೇಲೆ, ಕಲಸುತ್ತ, ಮೆಲ್ಲಗೆ:
'ಆದ್ರ ಅವ್ವಾ, ಅದು ಪೂರಾ ನಾಯಿನ ಅಲ್ಲೇನು?'

ಈ ಲೆಕ್ಕ ಯಾವ ಇಯತ್ತೆಯಲ್ಲಿ ಬರುತ್ತದೋ
ನನಗೆ ತಿಳಿಯದು.
ಓವನ್ನಿನ ಸ್ವಿಚ್ಚು ಒತ್ತಿದೆ.

ನಲವತ್ತು ನಿಮಿಷ ಎಂದಿದ್ದರು ಬಾಯಿ.
ಗಾಜಿನ ಕಣ್ಣಿಗೆ ಮೂಗು ಸುಡುವಷ್ಟು ಹತ್ತಿರ ಕೂತು
ಉಬ್ಬುವುದನ್ನು ಕಾಯುತ್ತಿದ್ದಳು.
ಇಪ್ಪತ್ತೈದಕ್ಕೆ ಸರಿಯಾಗಿ ಕರೆಂಟು ಹೋಯಿತು,
ಇಡೀ ಗುಡ್ಡದ್ದು.
ಐದೂ ಆಯಿತು, ಎಂಟೂ ಆಯಿತು, ಬರಲಿಲ್ಲ.
ಕತ್ತಲಲ್ಲಿ ಅವಳು ಬೆರಳು ಮಡಚುವ ಸದ್ದು,
ಐದೈದರ ಗುಂಪು, ಎಷ್ಟು ಗುಂಪು, ಮತ್ತೆ ಮೊದಲಿಂದ.

ಮುರಗಾಂವ್ ಬಂದರಿನಿಂದ ಹನ್ನೊಂದಕ್ಕೆ ಬಂದ ಅವಳಪ್ಪ
ಮೊಬೈಲಿನ ಬೆಳಕಲ್ಲಿ ನಿಂತೇ ತಿಂದ:
ಅಂಚು ಕಂದು, ನಡುವೆ ಹಸಿ.
ಬಟ್ಟೆಯ ಕಲ್ಲಿದ್ದಲ ಧೂಳು ಚೂರು ಅದರ ಮೇಲೂ ಬಿತ್ತು.
'ಬೆಂದಿಲ್ಲಲ್ಲೊ' ಎಂದ.
ನಿದ್ದೆಗಣ್ಣಲ್ಲಿ ಹಾಸಿಗೆಯಿಂದ ದಾನಿ ತಿದ್ದಿದಳು:
'ಬೆಂದೈತಿ ಅಪ್ಪಾ. ಫೈವ್ ಬೈ ಏಯ್ಟ್.'
ಅವನು ನನ್ನ ಮುಖ ನೋಡಿದ, ನಾನು ಅವನದು.
'ಹಂಗಾರ ಉಳದದ್ದು ನಾಳೆ ತಿಂತೀನಿ'
ಎನ್ನುತ್ತಲೇ ಇನ್ನೊಂದು ತುಣುಕಿಗೆ ಕೈ ಹಾಕಿದ.
ಹೊರಗೆ ಮೆಟ್ಟಿಲ ಮೇಲೆ
ಪೂರಾ ನಾಯಿ ಕಾಯುತ್ತಿತ್ತು.